ಮಗಳ ಲ್ಯಾಪ್‌ಟಾಪ್ ಯಾವ ಲೆಕ್ಕಕ್ಕೆ?



ಬಂಧುಗಳೇ, ನಮ್ಮ ಅಧ್ಯಯನ ಬಳಗದ ಒಬ್ಬ ತಂದೆ ಕೇಳಿದ ಪ್ರಶ್ನೆಯನ್ನು ಇಂದಿನ ಚಿಂತನೆಗೆ ಎತ್ತಿಕೊಂಡಿದ್ದೇನೆ. ಅವರ ಒಪ್ಪಿಗೆ ಇದೆ, ಹೆಸರು ಬೇಡ. ಅವರ ಸಂಬಳ ತಿಂಗಳಿಗೆ 22,000 ರೂಪಾಯಿ. ಪತ್ನಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗ ಒಂಬತ್ತನೇ ತರಗತಿ. ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಅವಳು ಕೇಳಿರುವ ಲ್ಯಾಪ್‌ಟಾಪಿನ ಬೆಲೆ 95,000. ಅಂಗಡಿಯವರು ಎರಡು ವರ್ಷದ ಕಂತು ಮಾಡಿಕೊಡುತ್ತೇವೆ ಎಂದಿದ್ದಾರೆ. ಆ ತಂದೆ ಕೇಳಿದ್ದು ಇಷ್ಟು: "ಕೊಡಿಸಿದರೆ ತಣ್ಹಾ ಅನ್ನುತ್ತೀರಿ. ಕೊಡಿಸದಿದ್ದರೆ ಮಗಳಿಗೆ ಅನ್ಯಾಯ. ಧಮ್ಮದ ಪ್ರಕಾರ ನಾನೇನು ಮಾಡಬೇಕು ಟೀಚರ್?"

ಇದು ಒಂದು ಮನೆಯ ಪ್ರಶ್ನೆಯಲ್ಲ. ಜೂನ್ ತಿಂಗಳು ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಆದಮೇಲೆ ನಡೆಯುವ ಮಾತು ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಇಂಥ ಹೊತ್ತಿನಲ್ಲಿ ನಮ್ಮ ಕಿವಿಗೆ ಎರಡು ದನಿಗಳು ಬೀಳುತ್ತವೆ. ಎರಡೂ ಒಳ್ಳೆಯ ಮಾತಿನಂತೆಯೇ ಕೇಳಿಸುತ್ತವೆ.

ಮೊದಲನೆಯದು, "ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುವ ದನಿ. ಗಾದೆ ಸುಳ್ಳಲ್ಲ. ಆದರೆ ನಮ್ಮ ಹಾಸಿಗೆಯನ್ನೇ ಕಿತ್ತುಕೊಂಡವರು ನಮಗೆ ಈ ಗಾದೆ ಹೇಳಿಕೊಟ್ಟರು ಎನ್ನುವುದನ್ನು ಮರೆಯಬಾರದು. 1936ರಲ್ಲಿ ಅಚ್ಚಾದ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಜೈಪುರ ಸಂಸ್ಥಾನದ ಚಕ್ವಾರಾ ಎಂಬ ಊರಿನ ಘಟನೆ ಹೇಳುತ್ತಾರೆ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನರಿಗೆ ಊಟ ಹಾಕಿಸಿದ, ಊಟಕ್ಕೆ ತುಪ್ಪ ಬಡಿಸಿದ. ಸವರ್ಣರು ದೊಣ್ಣೆ ಹಿಡಿದು ಬಂದು ಅಡುಗೆ ಹಾಳು ಮಾಡಿದರು, ಉಣ್ಣುತ್ತಿದ್ದವರನ್ನು ಹೊಡೆದು ಓಡಿಸಿದರು. ದುಡ್ಡು ಅವನದು, ತುಪ್ಪ ಅವನದು, ಅತಿಥಿಗಳೂ ಅವನವರೇ. ಆದರೂ "ನಿಮಗೇಕೆ ತುಪ್ಪ?" ಎಂದು ಕೇಳುವ ಹಕ್ಕು ತಮಗಿದೆ ಎಂದು ಆ ಊರು ನಂಬಿತ್ತು.

ಇಂದು ದೊಣ್ಣೆ ಹಿಡಿದು ಬರುವವರು ಕಡಿಮೆ ಇರಬಹುದು. ಆದರೆ "ನಿಮ್ಮ ಮಕ್ಕಳಿಗೆ ಅಷ್ಟು ದುಬಾರಿಯದು ಯಾಕೆ?" ಎನ್ನುವ ಮಾತು ಇನ್ನೂ ಇದೆ. ಅದಕ್ಕಿಂತ ಅಪಾಯದ ಸಂಗತಿ, ಆ ಮಾತು ಕೆಲವೊಮ್ಮೆ ನಮ್ಮೊಳಗಿಂದಲೇ ಬರುತ್ತದೆ, ಅದೂ ತ್ಯಾಗದ ವೇಷ ಹಾಕಿಕೊಂಡು. ಬುದ್ಧ ಭಗವಾನರು ತಣ್ಹಾ ಬಿಡಿ ಎಂದದ್ದನ್ನು "ಒಳ್ಳೆಯದನ್ನು ಬಯಸಬೇಡಿ" ಎಂದು ಓದಿಕೊಂಡರೆ, ನಾವು ಧಮ್ಮದ ಹೆಸರಿನಲ್ಲಿ ಹಳೆಯ ಕಟ್ಟಳೆಯನ್ನೇ ಪಾಲಿಸಿದಂತಾಗುತ್ತದೆ. ಮಗಳು ಒಳ್ಳೆಯ ವಸ್ತುವನ್ನು ಕೇಳಿದ್ದು ತಪ್ಪಲ್ಲ. ಕೊಳ್ಳಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಎರಡನೆಯದು ಅಂಗಡಿಯ ದನಿ. "ನಿಮ್ಮ ಮಗಳು ಯಾರಿಗಿಂತ ಕಡಿಮೆ? ಎಲ್ಲರ ಹತ್ತಿರ ಇರುವುದು ಅವಳಿಗೂ ಇರಲಿ." ಸ್ವಾಭಿಮಾನದ ಮಾತಿನಂತೆ ಇದು ನಮ್ಮ ಎದೆಗೆ ನೇರವಾಗಿ ನಾಟುತ್ತದೆ. ಮೂರು ತಲೆಮಾರು ಇಲ್ಲ ಎನ್ನುವುದನ್ನೇ ಕೇಳಿ ಬೆಳೆದ ಮನೆಯವರಿಗೆ "ನನ್ನ ಮಗುವಿಗೆ ಇಲ್ಲ ಎನ್ನಲಾರೆ" ಅನ್ನಿಸುವುದು ಸಹಜ. ಆ ಸಹಜವಾದ ನೋವು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ನಮ್ಮ ಸ್ವಾಭಿಮಾನವನ್ನು ಅವನು ಕಂತುಗಳಲ್ಲಿ ಮಾರುತ್ತಾನೆ.

ಈ ಎರಡು ದನಿಗಳೂ ನೋಡುವುದು ಬೆಲೆಯನ್ನು. ಒಂದು ಬೆಲೆ ನೋಡಿ ಹೆದರಿಸುತ್ತದೆ, ಇನ್ನೊಂದು ಬೆಲೆ ನೋಡಿ ಹುರಿದುಂಬಿಸುತ್ತದೆ. ಮಧ್ಯಮ ಮಾರ್ಗ ಎಂದರೆ ಮಧ್ಯಮ ಬೆಲೆಯದನ್ನು ಕೊಳ್ಳುವುದು ಎಂದು ಕೆಲವರು ತಿಳಿದಿದ್ದಾರೆ. ಅದೂ ಬೆಲೆಯ ಲೆಕ್ಕವೇ. ಧಮ್ಮ ಕೇಳುವ ಪ್ರಶ್ನೆ ಬೇರೆ: ಇದರಿಂದ ಏನು ಮಾಡುತ್ತೀಯ?

ಸಿಗಾಲೋವಾದ ಸುತ್ತವನ್ನು ನಾವು ಬಳಗದಲ್ಲಿ ಓದಿದ್ದೇವೆ. ಗೃಹಸ್ಥ ತನ್ನ ಗಳಿಕೆಯನ್ನು ನಾಲ್ಕು ಪಾಲು ಮಾಡಬೇಕು ಎಂದು ಬುದ್ಧರು ಆ ಯುವಕನಿಗೆ ಹೇಳುತ್ತಾರೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಕೆಲಸ ಕಾರ್ಯಕ್ಕೆ, ಇನ್ನೊಂದು ಪಾಲು ಕಷ್ಟಕಾಲಕ್ಕೆ. ಗಮನಿಸಿ, ಅರ್ಧದಷ್ಟು ದುಡಿಮೆಯ ಸಾಧನಕ್ಕೆ ಹೋಗಬೇಕು. ಅದೇ ಸುತ್ತದಲ್ಲಿ ತಂದೆತಾಯಿಯ ಕರ್ತವ್ಯಗಳನ್ನು ಎಣಿಸುವಾಗ, ಮಕ್ಕಳಿಗೆ ಒಂದು ವಿದ್ಯೆಯನ್ನು, ಕಸುಬನ್ನು ಕಲಿಸುವುದೂ ಒಂದು. ಹಾಗಾದರೆ ಕಂಪ್ಯೂಟರ್ ಓದುವ ಮಗಳಿಗೆ ಲ್ಯಾಪ್‌ಟಾಪ್ ಎಂದರೆ ದರ್ಜಿಗೆ ಹೊಲಿಗೆ ಯಂತ್ರ ಇದ್ದಂತೆ. ಅದು ಎರಡನೇ ಲೆಕ್ಕಕ್ಕೆ ಸೇರುವ ವಸ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ, ವಿದ್ಯಾಗಮದ ಹೆಸರಿನಲ್ಲಿ ನಾವು ಶಿಕ್ಷಕರು ಬೀದಿ ಬೀದಿಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದ್ದೇವೆ. ಮನೆಯಲ್ಲಿ ಒಂದು ಪರದೆ ಇದ್ದ ಮಗುವಿಗೂ ಇಲ್ಲದ ಮಗುವಿಗೂ ಎಷ್ಟು ಅಂತರ ಬಿತ್ತು ಎಂದು ಕಣ್ಣಾರೆ ಕಂಡವರಿಗೆ, ಇದು ಐಷಾರಾಮ ಎಂದು ಹೇಳಲು ಬಾಯಿ ಬರುವುದಿಲ್ಲ.

ಆದರೆ ಅದೇ ವಸ್ತುವಿನ ಒಂದು ಭಾಗ ಮೊದಲನೇ ಲೆಕ್ಕಕ್ಕೂ ಸೇರಬಹುದು. ಅದನ್ನು ಬಿಡಿಸಿ ನೋಡಬೇಕು. ಮೊದಲ ವರ್ಷದ ಕಂಪ್ಯೂಟರ್ ಸೈನ್ಸ್ ಓದಿಗೆ ಬೇಕಾದದ್ದು ಏನು? ಸಿ ಅಥವಾ ಪೈಥಾನ್ ಕಲಿಯಲು, ವರದಿ ಬರೆಯಲು, ಪಾಠದ ವಿಡಿಯೋ ನೋಡಲು 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರ ಸಾಕು. ಲಿನಕ್ಸ್, ಲಿಬ್ರೆಆಫೀಸ್ ಉಚಿತ. ಭಾರವಾದ ಲೆಕ್ಕಾಚಾರ ಬಂದಾಗ ಗೂಗಲ್ ಕೋಲ್ಯಾಬ್‌ನಂಥದ್ದನ್ನು ಬ್ರೌಸರಿನಲ್ಲೇ ಬಳಸಬಹುದು. 95,000ದ ಯಂತ್ರದಲ್ಲಿ ಹೆಚ್ಚಿನ ದುಡ್ಡು ಹೋಗುವುದು ಗ್ರಾಫಿಕ್ಸ್ ಕಾರ್ಡಿಗೆ. ಅದು ಆಟಕ್ಕೆ ಬೇಕು, ಅನಿಮೇಷನ್‌ಗೆ ಬೇಕು, ಆರ್ಕಿಟೆಕ್ಚರ್ ಓದುವವರ ಮೂರು ಆಯಾಮದ ಚಿತ್ರಗಳಿಗೆ ಬೇಕು. ಅಂಥ ಓದಿನ ಮಗುವಾದರೆ ಆ ದುಡ್ಡೂ ಎರಡನೇ ಲೆಕ್ಕಕ್ಕೇ ಸೇರುತ್ತದೆ, ಸಂಕೋಚ ಪಡಬೇಕಿಲ್ಲ. ಈ ಮಗಳ ವಿಷಯದಲ್ಲಿ ಈ ವರ್ಷಕ್ಕೆ ಅದು ಸೇರುವುದಿಲ್ಲ.

ಇಲ್ಲಿ ಬಾಬಾಸಾಹೇಬರನ್ನು ನೆನೆಯೋಣ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿ ವೇತನದಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿದ್ದಾಗ ಸುಮಾರು 2,000 ಪುಸ್ತಕ ಕೊಂಡರು, ಅವು ಹಳೆಯ ಪುಸ್ತಕಗಳು ಎಂದು ಧನಂಜಯ ಕೀರ್ ಬರೆದಿದ್ದಾರೆ. ಊಟದಲ್ಲಿ ಹಿಡಿತ, ಪುಸ್ತಕದಲ್ಲಿ ಧಾರಾಳ. ಯಾರೋ ಓದಿ ಬಿಟ್ಟ ಪುಸ್ತಕ ಎಂದು ಅವರ ಜ್ಞಾನ ಎರಡನೇ ದರ್ಜೆಯದಾಗಲಿಲ್ಲ. ಮುಂದೆ ಸೂಟು ಬೂಟು ಹಾಕಿ ಸಭೆಗೆ ಬಂದದ್ದೂ ಅವರೇ. ಘನತೆಗಾಗಿ ಎಲ್ಲಿ ಖರ್ಚು ಮಾಡಬೇಕು, ಓದಿಗಾಗಿ ಹೇಗೆ ಖರ್ಚು ಮಾಡಬೇಕು ಎನ್ನುವುದು ಅವರಿಗೆ ಸ್ಪಷ್ಟವಿತ್ತು. ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಬೇರೆ ಊರುಗಳಲ್ಲೂ, ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪುಗಳು ದುರಸ್ತಿಯಾಗಿ ಸುಮಾರು ಇಪ್ಪತ್ತು, ಇಪ್ಪತ್ತೈದು ಸಾವಿರಕ್ಕೆ ಸಿಗುತ್ತವೆ. ಬಿಲ್ಲು, ವಾರಂಟಿ ಕೇಳಿ ಪಡೆಯಿರಿ. ಬ್ಯಾಟರಿ, ಕೀಲಿಮಣೆ, ಪರದೆ ಪರೀಕ್ಷಿಸಿ. ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇನ್ನು ಸಾಲದ ಮಾತು. 95,000ವನ್ನು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 4,000. ಈ ತಂದೆಯ ಸಂಬಳದಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲು. "ಬಡ್ಡಿಯೇ ಇಲ್ಲ" ಎನ್ನುತ್ತಾರೆ. ಶೂನ್ಯ ಬಡ್ಡಿ ಎನ್ನುವ ಕಲ್ಪನೆಯೇ ಇಲ್ಲ ಎಂದು 2013ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಹೋಗುತ್ತದೆ, ಸಂಸ್ಕರಣಾ ಶುಲ್ಕ ಸೇರುತ್ತದೆ, ಬಡ್ಡಿ ಬೇರೆ ಹೆಸರಿನಲ್ಲಿ ಬಂದು ಕೂರುತ್ತದೆ. ಗೃಹಸ್ಥನ ನಾಲ್ಕು ಸುಖಗಳಲ್ಲಿ ಅನಣ ಸುಖ, ಅಂದರೆ ಸಾಲವಿಲ್ಲದ ಸುಖವನ್ನು ಬುದ್ಧರು ಪ್ರತ್ಯೇಕವಾಗಿ ಹೆಸರಿಸಿದರು. ತಕ್ಕಡಿ ಹಿಡಿದವನು ಎರಡು ತಟ್ಟೆಯನ್ನೂ ನೋಡುವಂತೆ ಆದಾಯ, ವೆಚ್ಚ ಎರಡನ್ನೂ ನೋಡಿ ಬಾಳಬೇಕು ಎಂದು ದೀಘಜಾಣುವಿಗೆ ಹೇಳಿದರು.

"ಹಾಗಾದರೆ ರಾಮ್‌ಜಿ ಸಕ್ಪಾಲರು ಸಾಲ ಮಾಡಲಿಲ್ಲವೇ?" ಎಂದು ಯಾರಾದರೂ ಕೇಳಬಹುದು. ಮಾಡಿದರು. ಮಗ ಭೀಮರಾಯನ ಪುಸ್ತಕಕ್ಕಾಗಿ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಕೈಗಡ ತಂದರು. ಅವರಲ್ಲಿ ದುಡ್ಡಿಲ್ಲದಾಗ ಒಡವೆ ಪಡೆದು ಗಿರವಿ ಇಟ್ಟರು, ಪಿಂಚಣಿ ಬಂದಾಗ ಬಿಡಿಸಿಕೊಟ್ಟರು. ಆ ಸಾಲದಲ್ಲಿ ಮೂರು ಸಂಗತಿಗಳಿವೆ. ಅದು ಓದುವ ಪುಸ್ತಕಕ್ಕೆ ಆಗಿತ್ತು. ಅದು ಯಾವಾಗ ತೀರುತ್ತದೆ ಎಂದು ಗೊತ್ತಿತ್ತು. ಅದರಲ್ಲಿ ಅಕ್ಕಂದಿರ ಪಾಲು ಇತ್ತು. ಈ ಮೂರನೆಯದನ್ನು ನಾವು ಬೇಗ ಮರೆಯುತ್ತೇವೆ. ನಮ್ಮ ಮನೆಯಲ್ಲೂ ತಿಂಗಳಿಗೆ 4,000 ಕಡಿಮೆ ಬಿದ್ದರೆ ಅದು ಯಾರ ತಟ್ಟೆಯಿಂದ ಹೋಗುತ್ತದೆ? ತಾಯಿಯ ಔಷಧಿಯಿಂದಲೇ? ಒಂಬತ್ತನೇ ತರಗತಿಯ ತಮ್ಮನ ಓದಿನಿಂದಲೇ? ಅವರನ್ನು ಕೇಳಿದ್ದೀರಾ?

ಅದರ ಜೊತೆಗೆ ಇನ್ನೊಂದು ಪ್ರಶ್ನೆ, ಎಲ್ಲ ತಂದೆತಾಯಿಯರಿಗೂ. ಕೇಳಿದ್ದು ಮಗನಾಗಿದ್ದರೆ ಇಷ್ಟೇ ಯೋಚಿಸುತ್ತಿದ್ದಿರಾ? ಮಗನಿಗೆ ಬೈಕು ಕೊಡಿಸುವಾಗ ನೆನಪಾಗದ ತಣ್ಹಾ, ಮಗಳು ಲ್ಯಾಪ್‌ಟಾಪ್ ಕೇಳಿದಾಗ ನೆನಪಾದರೆ, ನಮ್ಮ ಧಮ್ಮಪಾಠದಲ್ಲಿ ಏನೋ ಕೊರತೆ ಇದೆ.

ಮಗಳ ಮನಸ್ಸಿನ ಭಯವನ್ನೂ ಹಗುರವಾಗಿ ಕಾಣಬಾರದು. ಹಾಸ್ಟೆಲಿನಲ್ಲಿ ಮೊದಲ ವಾರವೇ ರ‍್ಯಾಂಕು ಕೇಳುತ್ತಾರೆ, ಊರು ಕೇಳುತ್ತಾರೆ, ಅಡ್ಡಹೆಸರು ಕೇಳುತ್ತಾರೆ. ಆ ಕಣ್ಣುಗಳ ಮುಂದೆ ಹೊಳೆಯುವ ಲ್ಯಾಪ್‌ಟಾಪ್ ಒಂದು ಗುರಾಣಿ ಎಂದು ಅವಳಿಗೆ ಅನ್ನಿಸಿದ್ದರೆ ತಪ್ಪೇನು? ಆದರೆ ಅದು ಕಾಯುವ ಗುರಾಣಿ ಅಲ್ಲ ಎಂದು ನಾವು ಅವಳಿಗೆ ಹೇಳಬೇಕು. ಕೀಳಾಗಿ ಕಾಣಲೇಬೇಕು ಎಂದು ಹೊರಟವರಿಗೆ ಅಗ್ಗದ ಲ್ಯಾಪ್‌ಟಾಪ್ ಒಂದು ನೆಪ, ದುಬಾರಿಯದು ಇನ್ನೊಂದು ನೆಪ. "ಸ್ಕಾಲರ್‌ಶಿಪ್ ದುಡ್ಡಲ್ಲಿ ತಂದದ್ದು" ಎನ್ನಲು ಎಷ್ಟು ಹೊತ್ತು? ಬುದ್ಧರು ಮಾನ ಎಂಬ ಬಂಧನವನ್ನು ಹೇಳುವಾಗ "ನಾನು ಮೇಲು", "ನಾನು ಕೀಳು" ಎನ್ನುವುದರ ಜೊತೆಗೆ "ನಾನು ಅವರಿಗೆ ಸಮ" ಎಂದು ಅಳೆದು ನೋಡುತ್ತಲೇ ಇರುವುದನ್ನೂ ಸೇರಿಸಿದರು. ಇದು ಬಾಬಾಸಾಹೇಬರ ಸಮತೆಗೆ ವಿರುದ್ಧವಲ್ಲ. ಸಮತೆ ನಮ್ಮ ಹುಟ್ಟಿನ ಹಕ್ಕು, ಸಂವಿಧಾನ ಬರೆದುಕೊಟ್ಟ ಹಕ್ಕು. ಅದನ್ನು ದಿನಾ ಪಕ್ಕದವರ ಮೇಜು ನೋಡಿ ಸಾಬೀತು ಮಾಡಬೇಕಾಗಿಲ್ಲ.

ಆದ್ದರಿಂದ ಆ ತಂದೆಗೆ ನಾನು ಹೇಳಿದ್ದು: ಲ್ಯಾಪ್‌ಟಾಪ್ ಕೊಡಿಸಿ, ತರಗತಿ ಶುರುವಾಗುವ ಮೊದಲೇ ಕೊಡಿಸಿ. ಸಾಲ ಮಾಡಿ 95,000ದ್ದು ಬೇಡ, ಉಳಿತಾಯದಲ್ಲಿ ಸಿಗುವ ಒಳ್ಳೆಯ ಸಾಧಾರಣ ಯಂತ್ರ ಕೊಡಿಸಿ. ಕಂತಿಗೆ ಹೋಗುತ್ತಿದ್ದ 4,000ದಲ್ಲಿ 2,000ವನ್ನು ಮಗಳ ಹೆಸರಿನಲ್ಲಿ ಕಟ್ಟುತ್ತಾ ಬನ್ನಿ. ಎರಡು ವರ್ಷಕ್ಕೆ 48,000 ಆಗುತ್ತದೆ. ಮೂರನೇ ವರ್ಷ ಓದಿಗೆ ದೊಡ್ಡ ಯಂತ್ರವೇ ಬೇಕಾದರೆ ಅಂದು ಸಾಲವಿಲ್ಲದೆ ಕೊಳ್ಳಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ, ಸರ್ಕಾರದ ಇಲಾಖೆಗಳು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟದ್ದುಂಟು. ಈ ವರ್ಷ ಏನಿದೆ ಎಂದು ವಿಚಾರಿಸಿ. ಅದು ಭಿಕ್ಷೆಯಲ್ಲ, ನಮ್ಮ ಪಾಲು.

ಎಲ್ಲಕ್ಕಿಂತ ಮುಖ್ಯ, ಮಗಳನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿ. ಸಂಬಳ ಎಷ್ಟು, ಬಾಡಿಗೆ ಎಷ್ಟು, ತಮ್ಮನಿಗೆ ಎಷ್ಟು ಎಂದು ತೋರಿಸಿ. "ಆಗಲ್ಲ" ಎಂಬ ಒಂದು ಮಾತು ಅವಳಿಗೆ ತಿರಸ್ಕಾರದಂತೆ ಕೇಳಿಸುತ್ತದೆ. ಗುಟ್ಟಾಗಿ ಸಾಲ ಮಾಡಿ ತಂದರೆ ಮುಂದೆ ಗೊತ್ತಾದಾಗ ಅವಳ ಎದೆ ಮೇಲೆ ಭಾರವಾಗುತ್ತದೆ. ಲೆಕ್ಕ ಕಂಡ ಮಗಳು ಮನೆಯ ನಿರ್ಧಾರದಲ್ಲಿ ಪಾಲುದಾರಳಾಗುತ್ತಾಳೆ. ಅವಳು ಬೇರೆ ದಾರಿ ಸೂಚಿಸಿದರೆ ಕೇಳಿ. ಯಂತ್ರದ ವಿಷಯ ನಮಗಿಂತ ಅವಳಿಗೇ ಹೆಚ್ಚು ಗೊತ್ತಿರಬಹುದು.

ಕೊನೆಯದಾಗಿ ಬಳಗದವರಿಗೆ ಒಂದು ಮಾತು. ಉದ್ಯಾನದಲ್ಲಿ ಒಬ್ಬನೇ ಓದುತ್ತಾ ಕೂರುತ್ತಿದ್ದ ಬಾಲಕ ಭೀಮರಾಯನನ್ನು ಗಮನಿಸಿ ಪುಸ್ತಕ ಕೊಟ್ಟವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತವರೂ ಅವರೇ. ಆ ಪುಸ್ತಕದ ಬೆಲೆ ಕೆಲವೇ ಆಣೆ, ರೂಪಾಯಿಗಳ ಮಾತಿರಬಹುದು. ಕಲ್ಯಾಣಮಿತ್ರ ಎಂದರೆ ಇದೇ. ನಮ್ಮಲ್ಲಿ ಕೆಲವರ ಮನೆಯ ಬೀರುವಿನಲ್ಲಿ ಬಳಸದೆ ಬಿದ್ದ ಲ್ಯಾಪ್‌ಟಾಪುಗಳಿವೆ. ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿದರೆ ಇನ್ನೂ ನಾಲ್ಕು ವರ್ಷ ನಡೆಯುತ್ತವೆ. ವಿಹಾರದಲ್ಲಿ ಎರಡು ಯಂತ್ರ ಇಟ್ಟು, ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳು ಬಂದು ಕಲಿಯುವಂತೆ ಮಾಡಬಹುದು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅದರ ಬಾಗಿಲು ತೆರೆದಿದೆಯೇ ಎಂದು ಹೋಗಿ ನೋಡಬಹುದು. ಒಬ್ಬ ತಂದೆ ಒಂಟಿಯಾಗಿ ರಾತ್ರಿಯೆಲ್ಲ ಲೆಕ್ಕ ಹಾಕುವ ಸಂಕಟವನ್ನು ನಾವು ಹತ್ತು ಮನೆಯವರು ಹಂಚಿಕೊಂಡರೆ, ಸಂಘಕ್ಕೆ ಶರಣು ಹೋಗುತ್ತೇವೆ ಎಂದು ದಿನಾ ಹೇಳುವ ಮಾತಿಗೆ ಅರ್ಥ ಬರುತ್ತದೆ.

ಭಾನುವಾರ ವಿಹಾರಕ್ಕೆ ಬರುವಾಗ ನಿಮ್ಮ ಬೀರು ಒಮ್ಮೆ ತೆರೆದು ನೋಡಿ ಬನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.