ಕಲಿಸುವವರ ಸಾಲ

ವಾರಕ್ಕೊಂದು ಸಂಜೆ ದೇವಸ್ಥಾನದ ಸಭಾಂಗಣದಲ್ಲೋ ಬಡಾವಣೆಯ ಸಮುದಾಯ ಭವನದಲ್ಲೋ ಮಕ್ಕಳನ್ನು ಸೇರಿಸಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ ಭರತನಾಟ್ಯ ಹೇಳಿಕೊಡುವವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ವಾರ್ಷಿಕೋತ್ಸವದ ದಿನ ಸಮಿತಿಯವರು ಅವರಿಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ವಿದ್ಯಾದಾನಕ್ಕಿಂತ ದೊಡ್ಡ ದಾನವಿಲ್ಲ ಎಂದು ಹೊಗಳುತ್ತಾರೆ. ಶಾಲಿನ ಬಗ್ಗೆ ನನ್ನ ತಕರಾರಿಲ್ಲ, ಹೊಗಳಿಕೆಯ ಬಗ್ಗೆ ಇದೆ. ದಾನ ಮಾಡಬೇಕಾದರೆ ಕೊಡುವ ವಸ್ತು ಮೊದಲು ಕೊಡುವವರ ಸ್ವಂತದ್ದಾಗಿರಬೇಕು. ನೃತ್ಯದ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಉಚಿತವಾಗಿ ಕಲಿಸುವವರು ಸಾಲ ತೀರಿಸುತ್ತಿದ್ದಾರೆ, ಅಷ್ಟೇ.

ಯಾರ ಸಾಲ? ಇವತ್ತು ತರಗತಿಗಳಲ್ಲಿ ಕಲಿಸುವ ಅಲರಿಪುವಿನಿಂದ ತಿಲ್ಲಾನದವರೆಗಿನ ಕ್ರಮವನ್ನು ರೂಪಿಸಿದವರು ತಂಜಾವೂರಿನ ನಾಲ್ವರು ಸಹೋದರರು; ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ಮೈಸೂರು ಶೈಲಿಯ ಅಭಿನಯವನ್ನು ಕಾಪಾಡಿದ ಜಟ್ಟಿ ತಾಯಮ್ಮ ಪೈಲ್ವಾನರ ಮನೆಯ ಮಗಳು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೆ ಗುರುವಿನ ಮನೆ ಸೇರಿ, ಮುಂದೆ ಆಸ್ಥಾನ ವಿದುಷಿಯಾದರು, ಮೈಸೂರು ವಿಶ್ವವಿದ್ಯಾಲಯದಲ್ಲೂ ಕಲಿಸಿದರು. ಇವರಿಗಾದರೂ ಹೆಸರು ಉಳಿಯಿತು. ದೇವಾಲಯಗಳಲ್ಲಿ ತಲೆಮಾರುಗಳ ಕಾಲ ಅಡವು, ಪದಗಳನ್ನು ಮೈಯಲ್ಲೇ ಉಳಿಸಿಕೊಂಡು ಬಂದ ದೇವದಾಸಿಯರಲ್ಲಿ ಬಹುಪಾಲು ಮಂದಿಗೆ ಅದೂ ಇಲ್ಲ. 1947ರ ಮದ್ರಾಸ್ ಕಾಯ್ದೆ ಹೆಣ್ಣುಮಕ್ಕಳನ್ನು ದೇವರಿಗೆ ಸಮರ್ಪಿಸುವುದನ್ನೂ ದೇವಸ್ಥಾನದಲ್ಲಿ ಅವರು ಕುಣಿಯುವುದನ್ನೂ ನಿಷೇಧಿಸಿತು. ಸಮರ್ಪಣೆ ನಿಲ್ಲಲೇಬೇಕಿತ್ತು. ಆದರೆ ಅವರ ವಿದ್ಯೆ ಮರ್ಯಾದಸ್ಥರ ಮನೆಗಳ ಹಜಾರಕ್ಕೆ ಬಂತು, ಕಳಂಕ ಮಾತ್ರ ಅವರ ಮನೆಗಳಲ್ಲೇ ಉಳಿಯಿತು.

ಹುಟ್ಟುವಾಗಲೇ ಮನುಷ್ಯನ ಮೇಲೆ ದೇವಋಣ, ಋಷಿಋಣ, ಪಿತೃಋಣಗಳಿರುತ್ತವೆ ಎನ್ನುತ್ತದೆ ತೈತ್ತಿರೀಯ ಸಂಹಿತೆ. ಋಷಿಋಣ ತೀರುವುದು ಅಧ್ಯಯನದಿಂದ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಅಧ್ಯಯನದ ಪಕ್ಕಕ್ಕೆ ಬೋಧನೆಯನ್ನೂ ಇಟ್ಟು, ಎರಡನ್ನೂ ಬಿಡಬೇಡ ಎನ್ನುತ್ತದೆ. ಸಂಹಿತೆಯ ಆ ಮಾತು ಬ್ರಾಹ್ಮಣನನ್ನೂ ವೇದವನ್ನೂ ಕುರಿತದ್ದು, ನೃತ್ಯಕ್ಕೆ ಅದನ್ನು ಎಳೆಯುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿದೆ. ವೇದ ಶೂದ್ರರ ಕಿವಿಗೆ ಬೀಳುವಂತಿಲ್ಲವಾದ್ದರಿಂದ ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದ ಬೇಕೆಂದು ದೇವತೆಗಳು ಬ್ರಹ್ಮನನ್ನು ಕೇಳಿಕೊಂಡಾಗ ಹುಟ್ಟಿದ್ದು ನಾಟ್ಯ. ವಿದ್ಯೆ ಎಲ್ಲರದೂ ಆದ ಮೇಲೆ ಅದರ ಋಣವೂ ಎಲ್ಲರದು. ಇದು ಬರೀ ಸಮಾಧಾನದ ಮಾತಲ್ಲ. ಇದರಿಂದ ಕಲಿಸುವ ರೀತಿಯೇ ಬದಲಾಗುತ್ತದೆ. ದಾನಿಗೆ ಪಾತ್ರರನ್ನು ಆರಿಸುವ ಅವಕಾಶವಿದೆ, ಗೀತೆಯ ಹದಿನೇಳನೆಯ ಅಧ್ಯಾಯವೂ ದೇಶ, ಕಾಲ, ಪಾತ್ರ ನೋಡಿ ಕೊಡು ಎನ್ನುತ್ತದೆ. ಸಾಲಗಾರನಿಗೆ ಆ ಆಯ್ಕೆ ಇಲ್ಲ. ದಪ್ಪಗಿರುವ ಹುಡುಗಿ, ತಾಳ ತಪ್ಪುವ ಹುಡುಗ, ಬೇರೆ ಧರ್ಮದ ಮನೆಯ ಮಗು, ಯಾರು ಸಾಲಿನಲ್ಲಿ ಬಂದು ನಿಂತರೂ ಕಲಿಸಬೇಕು. ಹೇಳಿದ ಹೊತ್ತಿಗೆ ಬರಲೂ ಬೇಕು.

ಹಾಗಾದರೆ ಶುಲ್ಕ ಪಡೆಯುವ ಗುರುಗಳು ತಪ್ಪಿತಸ್ಥರೇ? ಬರೀ ಹೊಟ್ಟೆಪಾಡಿಗೆ ವಿದ್ಯೆ ಇಟ್ಟುಕೊಂಡವನು ಜ್ಞಾನ ಮಾರುವ ವ್ಯಾಪಾರಿ ಎಂಬ ಹಳೆಯ ಮಾತನ್ನು ಅವರ ಮೇಲೆ ಎಸೆಯುವವರಿದ್ದಾರೆ. ಆ ಮಾತು ಬರುವುದು ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ. ಆಡುವವನು ಗಣದಾಸ; ಅರಮನೆಯ ನಾಟ್ಯಾಚಾರ್ಯ, ಸ್ವತಃ ಸಂಬಳದವನು! ಸ್ಥಾನ ಸಿಕ್ಕಿತಲ್ಲ ಎಂದು ಪರೀಕ್ಷೆಗೆ ಹೆದರಿ ಕೂರುವವನನ್ನು ಅವನು ಹಳಿಯುತ್ತಾನೆಯೇ ಹೊರತು ಸಂಬಳವನ್ನಲ್ಲ. ಈ ಗಂಟು ಬಿಡಿಸಲು ಶರಣರ ಕಾಯಕ-ದಾಸೋಹದ ವಿಚಾರ ಹೆಚ್ಚು ಒದಗುತ್ತದೆ. ಮೊದಲು ದುಡಿಮೆ, ದಾಸೋಹ ಅದರಿಂದ ಬರಬೇಕಾದದ್ದು. ಬ್ಯಾಂಕಿನಲ್ಲಿ ದುಡಿಯುವಾಕೆಗೆ ಶನಿವಾರದ ನೃತ್ಯಪಾಠ ದಾಸೋಹವಾದರೆ, ನೃತ್ಯವನ್ನೇ ನಂಬಿ ಬದುಕುವವರಿಗೆ ಅದೇ ಪಾಠ ಕಾಯಕ. ಇಂಥವರನ್ನು ಸೇವೆ ಎಂದು ಹೇಳಿ ಪುಕ್ಕಟೆ ಕರೆಯುವ ಸಮಿತಿ ಪೆಂಡಾಲಿನವರಿಗೂ ಮೈಕಿನವರಿಗೂ ಬಾಡಿಗೆ ಎಣಿಸಿಯೇ ಕೊಡುತ್ತದೆ. ಉಚಿತ ತರಗತಿ ಪಕ್ಕದ ಬೀದಿಯ ನೃತ್ಯಶಾಲೆಯ ಅನ್ನ ಕಿತ್ತುಕೊಳ್ಳುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಶುಲ್ಕ ಕೊಡಬಲ್ಲ ಮನೆಯ ಮಕ್ಕಳನ್ನು ಆ ಶಾಲೆಗೇ ಕಳಿಸಿ, ಕೊಡಲಾರದವರಿಗೆ ಜಾಗ ಉಳಿಸಿಕೊಳ್ಳುವುದೇ ದಾರಿ.

ಇನ್ನೊಂದು ತೊಡಕು ದಾಕ್ಷಿಣ್ಯ. ಸಂಬಳವಿಲ್ಲದೆ ಬರುವವರಲ್ಲಿ ತಪ್ಪು ಹುಡುಕಬಾರದು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಆದರೆ ಮಗುವಿನ ಮಂಡಿಗೆ ದಾಕ್ಷಿಣ್ಯ ಗೊತ್ತಿಲ್ಲ. ಅರಮಂಡಿಯಲ್ಲಿ ಕೂತ ಮಗುವಿನ ಮಂಡಿಗಳು ಎರಡು ಪಕ್ಕಕ್ಕೆ, ಪಾದದ ದಿಕ್ಕಿಗೇ ತೆರೆದಿರಬೇಕು. ಸುಸ್ತಾದಾಗ ಅವು ಮುಂದಕ್ಕೆ ವಾಲುತ್ತವೆ, ಸೊಂಟ ಹಿಂದಕ್ಕೆ ಹೋಗುತ್ತದೆ. ತಟ್ಟುಮಣೆಯ ಹಿಂದೆ ಕೂತು ಬರೀ ತಾಳ ಹಾಕುವವರಿಗೆ ಇದು ಕಾಣುವುದಿಲ್ಲ. ಹಾಗೆಯೇ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ತಟ್ಟಡವು ಹಾಕಿಸುತ್ತ ಹೋದರೆ ಕಲಿಯುವ ಕಾಲೇ ಕೆಡುತ್ತದೆ. ಖೋಟಾ ನೋಟು ಕೊಟ್ಟರೆ ಸಾಲ ತೀರುವುದಿಲ್ಲ. ಮೂರು ಕಾಲಗಳಲ್ಲಿ ಅಡವು ಶುದ್ಧವಾಗಿ ಬಾರದವರು ಕಲಿಸಲು ಬರಬಾರದು; ಅಂಥವರಿಗೆ ಬೇರೆ ಕೆಲಸವಿದೆ, ಹಾಜರಿ ಬರೆಯುವುದಕ್ಕೂ ಮಕ್ಕಳನ್ನು ಮನೆ ಮುಟ್ಟಿಸುವುದಕ್ಕೂ ಜನ ಬೇಕು. ಸಮಿತಿಗಳಲ್ಲಿ ಕೇಳಿಕೊಳ್ಳುವುದಿಷ್ಟೇ: ತರಗತಿ ಶುರುವಾದ ಮೂರೇ ತಿಂಗಳಿಗೆ ಮಕ್ಕಳನ್ನು ಗಣೇಶೋತ್ಸವದ ವೇದಿಕೆ ಹತ್ತಿಸಿ ಎಂದು ಶಿಕ್ಷಕರನ್ನು ಪೀಡಿಸಬೇಡಿ. ಮೊದಲ ವರ್ಷ ಅಡವು ಮಾತ್ರ ಕಲಿಯಲಿ.