ಎರಡನೇ ಗೆರೆ

ಕಳೆದ ದಸರಾ ರಜೆಯಲ್ಲಿ ಸೋಮವಾರಪೇಟೆ ಹತ್ತಿರದ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಕಾಫಿ ನಡುವೆ ಬಾಳೆ. ನಾನು ಹೋದ ದಿನವೇ ಕೃಷಿ ಓದುತ್ತಿರುವ ಪಕ್ಕದೂರಿನ ಹುಡುಗನೊಬ್ಬ ಒಂದು ಡಬ್ಬಿ ಹಿಡ್ಕೊಂಡು ಬಂದ. ಒಳಗೆ ಪುಟ್ಟ ಪ್ಲಾಸ್ಟಿಕ್ ಚೀಲಗಳು, ಕಾಗದದ ಕಡ್ಡಿಗಳು. ಬಾಳೆಗೆ ಬರುವ ಬಂಚಿ ಟಾಪ್ ಅನ್ನೋ ನಂಜುರೋಗವನ್ನು ತೋಟದಲ್ಲೇ ನಿಂತು ಪತ್ತೆ ಮಾಡುವ ಪರೀಕ್ಷೆ ಅದು.

ಈ ರೋಗ ಹತ್ತಿದ ಬಾಳೆ ಎಲೆಗಳನ್ನೆಲ್ಲ ತುದಿಯಲ್ಲಿ ಗುಚ್ಛ ಮಾಡಿಕೊಂಡು ಕುಳ್ಳಾಗಿ ನಿಂತುಬಿಡುತ್ತದೆ. ಎಳೆಯದರಲ್ಲೇ ಹತ್ತಿದರೆ ಗೊನೆ ಬಿಡುವುದಿಲ್ಲ. ಔಷಧಿಯೂ ಇಲ್ಲ. ಗಿಡದಿಂದ ಗಿಡಕ್ಕೆ ಸಸ್ಯಹೇನು ಹರಡುತ್ತದೆ. ಊರಿಂದ ಊರಿಗೆ ಮನುಷ್ಯರೇ ಕಂದಿನ ಜೊತೆ ಸಾಗಿಸುತ್ತಾರೆ. ಸೋಂಕು ತಗುಲಿದ ಮೇಲೂ ಒಂದಷ್ಟು ದಿನ ಗಿಡ ನೋಡೋಕೆ ಚೆನ್ನಾಗೇ ಇರುತ್ತದೆ. ತಕರಾರು ಶುರುವಾಗೋದು ಆ ದಿನಗಳಲ್ಲೇ.

ಹುಡುಗ ಎಲೆಯ ಚೂರನ್ನು ದ್ರಾವಣವಿದ್ದ ಚೀಲದಲ್ಲಿ ಹಾಕಿ ಉಜ್ಜಿ, ಕಡ್ಡಿ ಅದ್ದಿದ. ಗಿಡಗಳಿಗೆ ನಮ್ಮ ಹಾಗೆ ಪ್ರತಿಕಾಯ ತಯಾರಿಸುವ ಶಕ್ತಿ ಇಲ್ಲ. ಹಾಗಾಗಿ ಪ್ರಾಣಿಗಳ ಸಹಾಯದಿಂದ ಪಡೆದ ಪ್ರತಿಕಾಯವನ್ನು ಕಡ್ಡಿಯಲ್ಲಿ ಕೂರಿಸಿರುತ್ತಾರೆ. ರಸ ಮೇಲೇರುವಾಗ ವೈರಸ್ಸಿನ ಪ್ರೋಟೀನು ಸಿಕ್ಕರೆ ಅದು ಹಿಡಿದುಕೊಳ್ಳುತ್ತದೆ. ಒಂದೇ ಗೆರೆ ಬಂದರೆ ಪರೀಕ್ಷೆ ಸರಿಯಾಗಿ ನಡೆದಿದೆ, ವೈರಸ್ ಸಿಕ್ಕಿಲ್ಲ ಅಂತ. ಎರಡು ಬಂದರೆ ಸಿಕ್ಕಿದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯದ್ದೇ ತತ್ವ.

ಕುಳ್ಳಾಗಿದ್ದ ಬುಡದ್ದು ಎರಡು ಗೆರೆ. ಅದು ಗೊತ್ತಿದ್ದದ್ದೇ. ಪಕ್ಕದಲ್ಲಿ ಹಸಿರಾಗಿ, ಗಟ್ಟಿಮುಟ್ಟಾಗಿ ನಿಂತಿದ್ದ ಬುಡದ್ದೂ ಎರಡು ಗೆರೆ.

ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಆ ಸಾಲಿನ ಕಂದುಗಳನ್ನು ಪಕ್ಕದ ತೋಟದವರಿಗೆ ಕೊಡುವ ಮಾತಾಗಿತ್ತು. ಮುಂಗಡವಾಗಿ ಎರಡು ಸಾವಿರ ರೂಪಾಯಿ ಈಸ್ಕೊಂಡೂ ಆಗಿತ್ತು.

ಹುಡುಗ ಹೋದ ಮೇಲೆ ನಾನೇ ಹೇಳಿದೆ, "ಕೊಟ್ಬಿಡಿ ಚಿಕ್ಕಪ್ಪ. ಅವನು ಎರಡು ದಿನ ಬಿಟ್ಟು ಬಂದಿದ್ದಿದ್ರೆ ಕಂದು ಆಗ್ಲೇ ಹೋಗಿರ್ತಿತ್ತು. ಆಗ ಅದು ತಪ್ಪಾಗ್ತಿತ್ತಾ?"

"ಆಗ ತಪ್ಪಾಗ್ತಿರ್ಲಿಲ್ಲ ಪುಟ್ಟಿ. ಈಗ ಆಗುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹಾಳು ಕಡ್ಡಿ ಬರ್ದೇ ಇದ್ದಿದ್ರೆ ಚೆನ್ನಾಗಿತ್ತು" ಅಂತಲೂ ಅಂದರು.

ಆ ಎರಡೂ ಮಾತು ನಿಜ ಅಂತ ನನಗನಿಸುತ್ತೆ. ಕಂದು ಅದೇ, ವೈರಸ್ ಅದೇ, ಪಕ್ಕದ ತೋಟಕ್ಕೆ ಆಗುವ ನಷ್ಟವೂ ಅಷ್ಟೇ. ಬದಲಾಗಿದ್ದು ಚಿಕ್ಕಪ್ಪನಿಗೆ ಅದು ಗೊತ್ತಾಯ್ತು ಅನ್ನೋದು ಮಾತ್ರ. ಮೊದಲೆಲ್ಲ ಎಲೆ ಲ್ಯಾಬಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. "ಗೊತ್ತಿರಲಿಲ್ಲ" ಅನ್ನೋಕೆ ಅಷ್ಟು ದಿನ ಜಾಗ ಇರುತ್ತಿತ್ತು. ಈ ಕಡ್ಡಿ ಆ ಜಾಗವನ್ನು ಕೆಲವೇ ನಿಮಿಷಕ್ಕೆ ಇಳಿಸಿಬಿಟ್ಟಿದೆ.

ಉಳಿದ ಸಾಲುಗಳನ್ನೂ ನೋಡೋಣ್ವಾ ಅಂತ ಹುಡುಗ ಹೊರಡುವ ಮುಂಚೆ ಕೇಳಿದ್ದ. ಚಿಕ್ಕಪ್ಪ ಬೇಡ ಅಂದಿದ್ದರು. ಅದು ನನಗೆ ತುಂಬಾ ದಿನ ಕಾಡಿತು. ಗೊತ್ತಿಲ್ಲದಿರೋದು ತಪ್ಪಲ್ಲ, ಸರಿ. ಗೊತ್ತು ಮಾಡಿಕೊಳ್ಳೋಕೆ ಒಲ್ಲೆ ಅನ್ನೋದು?

ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಕೋವಿಡ್ ಇನ್ನೂ ಪೂರ್ತಿ ಹೋಗಿರದ ಕಾಲದಲ್ಲಿ, ಗೆಳತಿಯ ಮದುವೆಯ ಹಿಂದಿನ ದಿನ ನನಗೆ ಗಂಟಲು ಕೆರೆತ. ಮೇಜಿನ ಡ್ರಾಯರಿನಲ್ಲಿ ಕಿಟ್ ಇತ್ತು. ನಾನು ತೆಗೆಯಲಿಲ್ಲ. ಎರಡು ಗೆರೆ ಬಂದರೆ ಹೋಗುವ ಹಾಗಿಲ್ಲ, ಬರದಿದ್ದರೆ ಹೇಗೂ ಹೋಗ್ತೀನಿ, ಮತ್ಯಾಕೆ ನೋಡಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಮದುವೆ ಮನೆಯಲ್ಲಿ ಅವಳ ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಅವರಿಗೇನೂ ಆಗಲಿಲ್ಲ. ಆದರೆ ಅದು ನನ್ನ ಒಳ್ಳೆಯತನದಿಂದ ಅಲ್ಲ.

ಹಾಗಂತ ಎಲ್ಲವನ್ನೂ ಒಬ್ಬೊಬ್ಬರ ಆತ್ಮಸಾಕ್ಷಿಯ ತಲೆಗೆ ಕಟ್ಟೋದೂ ಅನ್ಯಾಯ. ಇದಕ್ಕೆ ಹಳೆಯದೊಂದು ಉದಾಹರಣೆ ಘಾನಾದ ಕೋಕೋ ತೋಟಗಳದ್ದು. ಅಲ್ಲಿ ಕೋಕೋ ಮರದ ಕೊಂಬೆ ಊದಿಕೊಳ್ಳುವ ರೋಗ ವರದಿಯಾಗಿದ್ದು 1936ರಲ್ಲಿ. ವೈರಸ್ ಅಂತ ತಿಳಿದ ಮೇಲೆ ಬ್ರಿಟಿಷ್ ಸರ್ಕಾರ 1940ರ ದಶಕದಲ್ಲಿ ಮರಗಳನ್ನು ಕಡ್ಡಾಯವಾಗಿ ಕಡಿಸತೊಡಗಿತು. ಕಡಿಯೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ, ವಿಜ್ಞಾನದ ಲೆಕ್ಕ ಸರಿಯೇ ಇತ್ತು. ಆದರೆ ರೋಗ ಬಂದ ಮರವೂ ಇನ್ನು ಕೆಲವು ಫಸಲು ಕೊಡುತ್ತಿತ್ತು. ರೈತನ ಕಣ್ಣಿಗೆ ಕಂಡದ್ದು ಕಾಯಿ ಬಿಟ್ಟಿದ್ದ ಮರ ಉರುಳಿದ್ದು. 1948ರಲ್ಲಿ ಅಕ್ರಾದಲ್ಲಿ ಗಲಭೆಯಾದಾಗ, ತನಿಖೆಗೆ ಬಂದ ವಾಟ್ಸನ್ ಆಯೋಗ ಜನರ ಅಸಮಾಧಾನದ ಕಾರಣಗಳಲ್ಲಿ ಈ ಮರ ಕಡಿತವನ್ನೂ ಸೇರಿಸಿತು. ಊರಿಗೆಲ್ಲ ಒಳ್ಳೆಯದಾಗಲಿ ಅಂತ ಒಬ್ಬನ ತೋಟ ಕಡಿದರೆ, ಆ ಒಬ್ಬನ ನಷ್ಟದಲ್ಲಿ ಊರಿಗೂ ಪಾಲಿರಬೇಕು. ಇಲ್ಲದಿದ್ದರೆ ಜನ ಪರೀಕ್ಷೆಗೇ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ.

ಚಿಕ್ಕಪ್ಪ ಮಾರನೇ ದಿನ ಮುಂಗಡ ವಾಪಸ್ ಕೊಟ್ಟರು. ಕೀಳುವಾಗ ಹೇನು ಪಕ್ಕದ ಗಿಡಕ್ಕೆ ಹಾರಬಾರದು ಅಂತ ಮೊದಲು ಔಷಧಿ ಹೊಡೆದು, ಆಮೇಲೆ ಎರಡು ಬುಡವನ್ನೂ ಗೆಡ್ಡೆಸಮೇತ ಅಗೆದು ಚೂರು ಮಾಡಿಸಿದರು. ಪಕ್ಕದ ತೋಟದವರು ಥ್ಯಾಂಕ್ಸ್ ಏನೂ ಹೇಳಲಿಲ್ಲ. ಅದೇ ವಾರ ಬೇರೆ ಊರಿಂದ ಒಂದು ಪಿಕಪ್ ತುಂಬಾ ಕಂದು ತರಿಸಿಕೊಂಡರು. ಅಲ್ಲಿ ಯಾರೂ ಯಾವ ಕಡ್ಡಿಯನ್ನೂ ಅದ್ದಿರಲಿಲ್ಲ.

"ಹಾಗಾದ್ರೆ ನೀವು ಕಿತ್ತು ಏನು ಬಂತು?" ಅಂತ ಫೋನಲ್ಲಿ ಕೇಳಿದೆ.

"ಬರೋದಿದ್ರೆ ಬರ್ಲಿ. ನನ್ನ ತೋಟದಿಂದ ಹೋಗ್ಲಿಲ್ವಲ್ಲ" ಅಂದರು. ಆಮೇಲೆ, ಅಷ್ಟೇನೂ ಇಷ್ಟವಿಲ್ಲದ ದನಿಯಲ್ಲಿ, "ಆ ಹುಡುಗನ ನಂಬರ್ ಇದ್ರೆ ಕಳ್ಸು. ಉಳಿದ ಸಾಲೂ ನೋಡ್ಬಿಡ್ಲಿ" ಅಂದರು.