ಹಿಂದಿನ ದೀಪ

ಮೋಟಾರು ಸೈಕಲಿನ, ಸ್ಕೂಟರಿನ ಅಂಗಗಳನ್ನು ಸವಾರನ ದೃಷ್ಟಿಯಿಂದ ಎರಡು ಬಗೆಯಾಗಿ ವಿಂಗಡಿಸಬಹುದು. ಕೆಟ್ಟ ಕ್ಷಣವೇ ಅವನಿಗೆ ತಿಳಿಯುವಂಥವು ಕೆಲವು. ಕೆಟ್ಟರೂ ತಿಳಿಯದಿರುವಂಥವು ಕೆಲವು. ಕ್ಲಚ್ಚಿನ ಕೇಬಲು ತುಂಡಾದರೆ ಗೇರು ಬದಲಿಸುವುದು ಕಷ್ಟವಾಗುವುದು. ಪ್ಲಗ್ಗಿಗೆ ಮಸಿ ಕಟ್ಟಿದರೆ ಎಂಜಿನು ಕೆಮ್ಮಿ ನಿಲ್ಲುವುದು. ಚಕ್ರದ ಗಾಳಿ ಇಳಿದರೆ ಹ್ಯಾಂಡಲು ಓಲಾಡುವುದು. ಹಿಂದಿನ ಕೆಂಪು ದೀಪ ಆರಿಹೋದರೆ ಮಾತ್ರ ಸವಾರನಿಗೆ ಏನೂ ಅನ್ನಿಸದು. ಅವನ ಮುಂದಿನ ದಾರಿ ಎಂದಿನಷ್ಟೇ ಬೆಳಗುತ್ತಿರುವುದು. ತಿಂಗಳುಗಟ್ಟಲೆ ಅವನು ಹಾಗೆಯೇ ತಿರುಗಾಡಬಹುದು. ತನಗೆ ಯಾವ ಕೊರತೆಯನ್ನೂ ಮಾಡದ, ತನ್ನ ಕಣ್ಣಿಗೂ ಬೀಳದ ಈ ದೋಷವನ್ನು ತಾನಾಗಿ ಹುಡುಕಿ ಸರಿಪಡಿಸುವ ಹೊಣೆ ಅವನಿಗೆ ಉಂಟೆ? ಉಂಟೆನ್ನುವುದಾದರೆ ಆ ಹೊಣೆ ಎಲ್ಲಿಂದ ಬಂತು?

ಕನಕದಾಸರ ಬಾಳೆಹಣ್ಣಿನ ಕಥೆಯನ್ನು ನಾವೆಲ್ಲ ತರಗತಿಯಲ್ಲಿ ಹೇಳಿದವರೇ, ಕೇಳಿದವರೇ. ಯಾರೂ ಕಾಣದ ಕಡೆ ಹಣ್ಣನ್ನು ತಿನ್ನಿರೆಂದು ಗುರುಗಳು ಅಪ್ಪಣೆ ಮಾಡಿದಾಗ, ದೇವರು ಕಾಣದ ಸ್ಥಳವೇ ಇಲ್ಲವೆಂದು ಕನಕರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರಂತೆ. ಹಿಂದಿನ ದೀಪದ ಸಂಗತಿ ಇದಕ್ಕೆ ತಿರುವುಮುರುವಾದುದು. ಇಲ್ಲಿ ದೋಷವನ್ನು ಕಾಣಬಲ್ಲವರು ಹಿಂದೆ ಬರುವವರೆಲ್ಲರೂ. ಕಾಣದವನು ಗಾಡಿಯ ಒಡೆಯನೊಬ್ಬನೇ. ಕರಿಹಲಗೆಗೆ ಮುಖಮಾಡಿ ಬರೆಯುವ ಉಪಾಧ್ಯಾಯನ ಬೆನ್ನಿಗೆ ಹತ್ತಿದ ಸುಣ್ಣವನ್ನು ಇಡೀ ತರಗತಿ ಕಾಣುವಂತೆ ಎನ್ನೋಣ.

ಆ ಬಲ್ಬು ಬಹಳ ದೊಡ್ಡದೇನಲ್ಲ. ಸಾಮಾನ್ಯ ಮೋಟಾರು ಸೈಕಲುಗಳಲ್ಲಿ ಒಂದೇ ಗಾಜಿನ ಬುರುಡೆಯೊಳಗೆ ಎರಡು ತಂತುಗಳು: ರಾತ್ರಿ ಸದಾ ಉರಿಯುವುದು 5 ವ್ಯಾಟಿನದು, ಬ್ರೇಕು ಒತ್ತಿದಾಗ ಬೆಳಗುವುದು 21 ವ್ಯಾಟಿನದು. ಇವೆರಡು ಅದಲುಬದಲಾಗದಿರಲೆಂದು ಬುಡದ ಮೊಳೆಗಳನ್ನು ಮೇಲುಕೆಳಗಾಗಿ ಇಟ್ಟಿರುತ್ತಾರೆ. ತಪ್ಪಾಗಿ ತಿರುಗಿಸಿದರೆ ಬಲ್ಬು ಕೂರುವುದಿಲ್ಲ. ಇದನ್ನು ಬದಲಿಸಲು ಒಂದು ಸ್ಕ್ರೂಡ್ರೈವರೂ ಹತ್ತು ನಿಮಿಷಗಳ ಬಿಡುವೂ ಸಾಕು. ಅದರಿಂದಾಗುವ ಉಪಯೋಗವನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಿ ನೋಡಬಹುದು. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರು. ಮುಂದಿನವನು ಬ್ರೇಕು ಹಿಡಿದನೆಂಬುದು ಹಿಂದಿನವನಿಗೆ ಒಂದು ಸೆಕೆಂಡು ತಡವಾಗಿ ತಿಳಿದರೆ, ನಮ್ಮ ಶಾಲೆಯ ಒಂದು ಕೊಠಡಿಗಿಂತ ಉದ್ದವಾದ ನೆಲ ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಕೆಲವರು ಹೀಗೆ ವಾದಿಸಬಹುದು: "ಇದರಲ್ಲಿ ಧರ್ಮದ ಮಾತೇಕೆ? ಹಿಂದಿನಿಂದ ಲಾರಿ ಬಂದು ಗುದ್ದಿದರೆ ಸಾಯುವವನು ಸವಾರನೇ. ತನ್ನ ಜೀವ ತನಗೆ ಪ್ರಿಯವಾದರೆ ದೀಪ ಹಾಕಿಸಿಕೊಳ್ಳಲಿ." ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. ಆ ಲಾರಿಯ ಚಾಲಕನನ್ನು ನೆನೆಯಿರಿ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಮಂಜು ಮುಸುಕಿದ ಸಂಜೆ ಇಳಿದು ಬರುತ್ತಿದ್ದಾನೆ. ಅವನು ಕುಡಿದವನಲ್ಲ, ಅವಸರದವನೂ ಅಲ್ಲ. ಎದುರಿಗೆ ಕತ್ತಲೆಯಲ್ಲದೆ ಬೇರೇನೂ ಇಲ್ಲವೆಂದು ನಂಬಿ ಬಂದವನ ಚಕ್ರದಡಿಗೆ ಒಂದು ಜೀವ ಸಿಕ್ಕಿಬಿಡುವುದು. ಸತ್ತವನಿಗೆ ಅಲ್ಲಿಗೆ ಮುಗಿಯಿತು. ಆ ಚಾಲಕನಾದರೋ ತಾನು ಮಾಡದ ತಪ್ಪಿಗೆ ಆಯುಷ್ಯವಿಡೀ ಕೊಲೆಗಾರನಂತೆ ಬದುಕಬೇಕು. ನನ್ನ ಪ್ರಾಣವನ್ನು ಅಪಾಯಕ್ಕೊಡ್ಡುವ ಸ್ವಾತಂತ್ರ್ಯ ನನಗಿದೆ ಎಂದೇ ಇಟ್ಟುಕೊಳ್ಳೋಣ. ನನ್ನನ್ನು ಕೊಂದವನೆಂಬ ಹೊರೆಯನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸುವ ಸ್ವಾತಂತ್ರ್ಯವನ್ನು ನನಗೆ ಕೊಟ್ಟವರಾರು?

ಸ್ವಹಿತದ ವಾದಕ್ಕೆ ಯಂತ್ರಶಾಸ್ತ್ರವೇ ಇನ್ನೊಂದು ಉದಾಹರಣೆಯನ್ನು ಒದಗಿಸುತ್ತದೆ. ಬ್ಯಾಟರಿಯಿಲ್ಲದ ಕೆಲವು ಹಳೆಯ ಸ್ಕೂಟರುಗಳಲ್ಲಿ ದೀಪಗಳಿಗೆ ವಿದ್ಯುತ್ತು ಮ್ಯಾಗ್ನೆಟೋದಿಂದ ನೇರವಾಗಿ ಬರುತ್ತಿತ್ತು. ಅದನ್ನು ಹದದಲ್ಲಿಡುವ ರೆಗ್ಯುಲೇಟರು ಇರಲಿಲ್ಲ. ಬಲ್ಬುಗಳೆಲ್ಲ ತಮ್ಮ ತಮ್ಮ ಪಾಲನ್ನು ಹೀರಿಕೊಂಡರೆ ಮಾತ್ರ ಸಮತೋಲ. ಹಿಂದಿನ ಬಲ್ಬು ಸುಟ್ಟುಹೋದರೆ ಮುಂದಿನದಕ್ಕೆ ಒತ್ತಡ ಹೆಚ್ಚಿ ಅದು ತುಸು ಹೆಚ್ಚಾಗಿಯೇ ಪ್ರಕಾಶಿಸುತ್ತಿತ್ತು. ಸವಾರನಿಗೆ ಇಂದು ಬೆಳಕು ಬಲು ಚೆನ್ನೆಂದು ಹಿಗ್ಗು! ಆ ಹೆಚ್ಚಿನ ಒತ್ತಡದಿಂದ ಮುಂದಿನ ಬಲ್ಬೂ ಸುಡುತ್ತಿದ್ದುದುಂಟು. ಇದನ್ನು ಕೇಳಿದೊಡನೆ ಉಪಾಧ್ಯಾಯರಾದ ನಮಗೆ ನೀತಿಪಾಠ ಹೇಳುವ ಆಸೆ ಹುಟ್ಟುವುದು ಸಹಜ. ನಾನಂತೂ ಅದನ್ನು ಹೇಳಲಾರೆ. ಇಂದಿನ ಗಾಡಿಗಳಲ್ಲಿ ರೆಗ್ಯುಲೇಟರಿದೆ. ಹಿಂದಿನ ದೀಪ ಆರಿದರೂ ಮುಂದಿನದಕ್ಕೆ ಧಕ್ಕೆಯಿಲ್ಲ. ಯಂತ್ರ ಶಿಕ್ಷಿಸುವುದೆಂಬ ಭಯವನ್ನೇ ಆಧಾರವಾಗಿಟ್ಟುಕೊಂಡ ಧರ್ಮವು ಯಂತ್ರ ಸುಧಾರಿಸಿದೊಡನೆ ಕುಸಿದುಬೀಳುವುದು.

ಸ್ವಹಿತ ಸ್ವಲ್ಪವೂ ಬೆರೆಯದ ಉದಾಹರಣೆ ಬೇಕೆಂದರೆ ಸೈಲೆನ್ಸರನ್ನು ನೋಡಿ. ಎರಡು ಸ್ಟ್ರೋಕಿನ ಹಳೆಯ ಗಾಡಿಗಳಲ್ಲಿ ಅದರೊಳಗೆ ಇದ್ದಿಲು ಕಟ್ಟುತ್ತಿತ್ತು. ಒಳಗಿನ ಕೊಳವೆಯನ್ನು ಹೊರತೆಗೆದು ಸುಟ್ಟು ಸ್ವಚ್ಛಮಾಡಿ ಮತ್ತೆ ಜೋಡಿಸುವುದು ಮೆಕ್ಯಾನಿಕರ ನಿತ್ಯದ ಕೆಲಸವಾಗಿತ್ತು. ಜೋಡಿಸದೆ ಬಿಟ್ಟರೆ ಗಾಡಿ ಗುಡುಗುವುದೆಂದು ಕಂಡುಕೊಂಡ ತರುಣರು ಅದನ್ನು ಬೇಕೆಂದೇ ಬಿಡಿಸಿದರು. ಇಂದಿಗೂ ಆ ಚಪಲ ಹೋಗಿಲ್ಲ. ಆ ಗಾಡಿಗಳಿಗೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರಿನಷ್ಟು ಎಣ್ಣೆ ಬೆರೆಸುವುದು ವಾಡಿಕೆ. ಎಂಜಿನಿಗೆ ಒಳ್ಳೆಯದಾಗಲೆಂದು ಇನ್ನಷ್ಟು ಸುರಿಯುವವರೂ ಇದ್ದರು. ಹೊಗೆಯ ಪಾಲು ಹಿಂದೆ ಸೈಕಲು ತುಳಿಯುತ್ತ ಬರುವ ಹುಡುಗನಿಗೆ. ಸವಾರನು ತನ್ನ ಹೊಗೆಯಿಂದ ಸದಾ ಓಡಿಹೋಗುತ್ತಿರುತ್ತಾನೆ. ತಂಗಾಳಿಗೆ ಮುಖವೊಡ್ಡಿ ಸಾಗುವವನಿಗೆ ತಾನು ಹಿಂದೆ ಬಿಟ್ಟುಬಂದುದರ ಅರಿವು ಎಲ್ಲಿಂದ ಬರಬೇಕು?

ಆದುದರಿಂದಲೇ ನನ್ನ ಅಭಿಪ್ರಾಯದಲ್ಲಿ ಈ ಹೊಣೆ ಕಾಣುವುದರಿಂದ ಹುಟ್ಟಿದುದಲ್ಲ, ದಾರಿಯನ್ನು ಬಳಸುವುದರಿಂದ ಹುಟ್ಟಿದುದು. ಮುಂದಿನ ಗಾಡಿಯ ದೀಪವನ್ನು ನಂಬಿಯೇ ನಾನು ಕತ್ತಲೆಯಲ್ಲಿ ವೇಗವಾಗಿ ಹೋಗುತ್ತೇನೆ. ಹೆಸರು ತಿಳಿಯದ ಒಬ್ಬನಿಂದ ದಿನವೂ ಪಡೆಯುತ್ತಿರುವುದನ್ನು ಹೆಸರು ತಿಳಿಯದ ಮತ್ತೊಬ್ಬನಿಗೆ ಕೊಡಬೇಕಾಗಿದೆ. ದೀಪ ಉರಿಯುತ್ತಿದ್ದರೂ ಈ ಸಾಲ ತೀರಿತೆನ್ನಲಾಗದು. ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಹೊರಬಂದ ಟಿವಿಎಸ್ 50 ಎಂಬ ಮೊಪೆಡ್ಡು, ಅದರ ಬಳಿಕ ಬಂದ ಅದರ ತಮ್ಮಂದಿರು, ನಮ್ಮ ಸೀಮೆಯ ರೈತರಿಗೂ ಮಾಸ್ತರರಿಗೂ ಎಷ್ಟು ಉಪಕಾರ ಮಾಡಿವೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಹಿಂದೆ ಹುಲ್ಲಿನ ಹೊರೆ ಕಟ್ಟಿದಾಗ ಅದರ ತುದಿ ಇಳಿಬಿದ್ದು ದೀಪವನ್ನು ಪೂರ್ತಿಯಾಗಿ ಮುಚ್ಚುವುದು. ಬಲ್ಬು ಪಾಪ, ಹೊರೆಯ ಮರೆಯಲ್ಲಿ ಉರಿಯುತ್ತಲೇ ಇರುತ್ತದೆ.

ಬಲ್ಬನ್ನು ಪರೀಕ್ಷಿಸುವ ಒಂದು ಸುಲಭ ಉಪಾಯವನ್ನು ವಿದ್ಯಾರ್ಥಿಗಳು ತಮ್ಮ ತಂದೆಯರಿಗೆ ಹೇಳಿಕೊಡಬಹುದು. ಸಂಜೆ ಗಾಡಿಯ ಹಿಂಭಾಗವನ್ನು ಬಿಳಿಯ ಗೋಡೆಗೆ ತಿರುಗಿಸಿ ನಿಲ್ಲಿಸಿ, ಬ್ರೇಕು ಒತ್ತಿ, ಕತ್ತು ಹೊರಳಿಸಿದರೆ ಕೆಂಪು ಬೆಳಕು ಗೋಡೆಯ ಮೇಲೆ ಏರಿ ಇಳಿಯುವುದು ಕಾಣುತ್ತದೆ. ಕಾಲಿನ ಬ್ರೇಕನ್ನೂ ಕೈಯ ಬ್ರೇಕನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಬೇಕು. ಹಳೆಯ ಹಲವು ಗಾಡಿಗಳಲ್ಲಿ ಕಾಲಿನದಕ್ಕೆ ಮಾತ್ರ ಸ್ವಿಚ್ಚು ಇರುತ್ತಿತ್ತು. ಗೋಡೆ ಸಿಗದಿದ್ದರೆ ಹಿಂದೆ ನಿಂತವರನ್ನು ಕೇಳಬೇಕು. ಕೇಳಲು ನಾಚಿಕೆಯೇಕೆ? ಸ್ಟ್ಯಾಂಡು ಮಡಿಸದೆ ಹೊರಟವನನ್ನು ಕಂಡರೆ ಗುರುತು ಪರಿಚಯವಿಲ್ಲದವರೂ "ಸ್ಟ್ಯಾಂಡು! ಸ್ಟ್ಯಾಂಡು!" ಎಂದು ಬೆನ್ನ ಹಿಂದಿನಿಂದ ಕೂಗುತ್ತಾರೆ. ಅವನು ಕಾಲಿನಿಂದ ಅದನ್ನು ತಳ್ಳಿ, ತಿರುಗಿಯೂ ನೋಡದೆ ಕೈಯೆತ್ತಿ ಮುಂದೆ ಹೋಗುತ್ತಾನೆ. ದೀಪವಿಲ್ಲದವನನ್ನು ಹೀಗೆ ಕೂಗಿ ಎಚ್ಚರಿಸುವವರು ವಿರಳ. ಹಗಲಿನಲ್ಲಿ ಆ ದೋಷ ಯಾರ ಗಮನಕ್ಕೂ ಬಾರದು. ರಾತ್ರಿಯಲ್ಲಿ, ಕೂಗಬೇಕಾದವನಿಗೆ ಮುಂದೆ ಒಬ್ಬನಿದ್ದಾನೆಂಬುದೇ ಗೊತ್ತಾಗದು.